ಡೇಟಾ ಓದಲು ಎಂಜಿನಿಯರಿಂಗೇ ಬೇಕೆಂದಿಲ್ಲ: ಮಾಹಿತಿ ನಿರ್ವಹಣೆ ಸ್ನಾತಕೋತ್ತರ ಕೋರ್ಸ್ ಸೇರುವ ಮುನ್ನ ತಿಳಿಯಬೇಕಾದದ್ದು

ಯಾವುದಾದರೂ ದೊಡ್ಡ ಗ್ರಂಥಾಲಯದ ಕಂಪ್ಯೂಟರ್‌ನಲ್ಲಿ 'ಬೇಂದ್ರೆ' ಎಂದು ಹುಡುಕಿ ನೋಡಿ. ಒಂದಿಷ್ಟು ಪುಸ್ತಕಗಳು ಸಿಗುತ್ತವೆ. 'ದ.ರಾ. ಬೇಂದ್ರೆ' ಎಂದರೆ ಇನ್ನೊಂದಿಷ್ಟು, 'ದತ್ತಾತ್ರೇಯ ರಾಮಚಂದ್ರ ಬೇಂದ್ರೆ' ಎಂದರೆ ಮತ್ತೊಂದಿಷ್ಟು ಸಿಗಬಹುದು. 'ಅಂಬಿಕಾತನಯದತ್ತ' ಎಂದು ಹಾಕಿದರೆ ಕೆಲವೊಮ್ಮೆ ಏನೂ ಸಿಗುವುದಿಲ್ಲ. ನಾಲ್ಕೂ ಒಬ್ಬರೇ ಕವಿ ಎಂಬುದು ಕನ್ನಡಿಗರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಯಂತ್ರಕ್ಕೆ ತಿಳಿಯುವಂತೆ ದಾಖಲಿಸುವುದೇ ಒಂದು ವೃತ್ತಿ.

ಬ್ಯಾಂಕಿನಲ್ಲಿ ಒಬ್ಬನೇ ಗ್ರಾಹಕ ಮೂರು ಹೆಸರಿನಲ್ಲಿ ಇರುವುದು, ಆಸ್ಪತ್ರೆಯಲ್ಲಿ ಒಬ್ಬರೇ ರೋಗಿಗೆ ಎರಡು ಫೈಲು ತೆರೆದಿರುವುದು, ಇವೆಲ್ಲ ಇದೇ ಜಾತಿಯ ಸಮಸ್ಯೆಗಳು. ಡೇಟಾ ಸೈನ್ಸ್ ಎಂದರೆ ಕೋಡಿಂಗ್ ಮತ್ತು ಎಐ ಮಾತ್ರ ಎಂದುಕೊಂಡವರ ಕಣ್ಣಿಗೆ ಈ ಭಾಗ ಬೀಳುವುದೇ ಇಲ್ಲ. ಬಿ.ಎ., ಬಿ.ಕಾಂ. ಓದಿದವರಿಗೂ ಬಾಗಿಲು ತೆರೆದಿರುವುದು ಮಾತ್ರ ಇಲ್ಲಿಯೇ.

ಮೈಸೂರು ರಸ್ತೆಯ ಆ ಕೇಂದ್ರ

ಈ ವಿಷಯದ ಭಾರತೀಯ ಬೇರು ಬೆಂಗಳೂರಿನಲ್ಲಿದೆ. ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ತರಬೇತಿಗೆಂದು ಲಂಡನ್‌ಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಮಕ್ಕಳ ಮೆಕ್ಯಾನೋ ಆಟಿಕೆ ನೋಡಿದಾಗ, ಬಿಡಿ ಭಾಗಗಳನ್ನು ಬೇಕಾದಂತೆ ಜೋಡಿಸುವ ವರ್ಗೀಕರಣದ ಕಲ್ಪನೆ ಹೊಳೆಯಿತು ಎನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಕಥೆ. 1933ರಲ್ಲಿ ಅದು 'ಕೋಲನ್ ಕ್ಲಾಸಿಫಿಕೇಶನ್' ಆಗಿ ಹೊರಬಂತು.

ಒಂದು ಪುಸ್ತಕವನ್ನು ಒಂದೇ ಗೂಡಿಗೆ ತುರುಕುವ ಬದಲು, ಅದರ ವಿಷಯವನ್ನು ಹಲವು ಮುಖಗಳಾಗಿ ಬಿಡಿಸುವುದು ಇದರ ತಿರುಳು: ಯಾವುದರ ಬಗ್ಗೆ, ಯಾವ ವಸ್ತು, ಯಾವ ಕ್ರಿಯೆ, ಎಲ್ಲಿ, ಯಾವಾಗ. ಆನ್‌ಲೈನ್‌ನಲ್ಲಿ ಸೀರೆ ಕೊಳ್ಳುವಾಗ ಬಣ್ಣ, ಬೆಲೆ, ಬಟ್ಟೆ ಎಂದು ಒಂದೊಂದೇ ಫಿಲ್ಟರ್ ಒತ್ತುತ್ತೀರಲ್ಲ, ಅದರ ಹಿಂದಿರುವುದೂ ಇದೇ ಆಲೋಚನಾ ಕ್ರಮ.

ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ರಂಗನಾಥನ್ 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ (ಐಎಸ್‌ಐ) ಅಡಿಯಲ್ಲಿ 'ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್' ಸ್ಥಾಪಿಸಿದರು. ಡಿಆರ್‌ಟಿಸಿ ಎಂದೇ ಎಲ್ಲರಿಗೂ ಪರಿಚಿತ. ಮೈಸೂರು ರಸ್ತೆಯ ಐಎಸ್‌ಐ ಆವರಣದಲ್ಲಿರುವ ಈ ಕೇಂದ್ರ ಎರಡು ವರ್ಷಗಳ ಎಂ.ಎಸ್. ಕೋರ್ಸ್ ನಡೆಸುತ್ತದೆ. ಪದವಿಯ ಹೆಸರಿನಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಎಂದಿರುವುದರಿಂದ ಅನೇಕರು ಪುಸ್ತಕಕ್ಕೆ ಸೀಲು ಒತ್ತುವ ಓದು ಎಂದುಕೊಂಡು ಮುಂದೆ ಹೋಗುತ್ತಾರೆ. ಪಠ್ಯ ತೆರೆದು ನೋಡಿದರೆ ಡೇಟಾಬೇಸ್, ಪ್ರೋಗ್ರಾಮಿಂಗ್, ಸಂಖ್ಯಾಶಾಸ್ತ್ರ, ಮೆಟಾಡೇಟಾ, ಡಿಜಿಟಲ್ ಲೈಬ್ರರಿ, ಜ್ಞಾನವನ್ನು ಯಂತ್ರ ಓದುವಂತೆ ಜೋಡಿಸುವ ವಿಧಾನಗಳೇ ಹೆಚ್ಚು. ಡಿಸ್ಪೇಸ್‌ನಂಥ ಮುಕ್ತ ತಂತ್ರಾಂಶವನ್ನು ದೇಶದ ಗ್ರಂಥಾಲಯಗಳಿಗೆ ಕಲಿಸಿದವರಲ್ಲಿ ಈ ಕೇಂದ್ರದವರು ಪ್ರಮುಖರು.

ಸೀಟುಗಳು ಕಡಿಮೆ. ಐಎಸ್‌ಐ ನಡೆಸುವ ಲಿಖಿತ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಪ್ರವೇಶ. ವಿದ್ಯಾರ್ಥಿವೇತನ, ಶುಲ್ಕ, ಅರ್ಹತೆಯ ವಿವರಗಳನ್ನು ಆಯಾ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ನೋಡಿಕೊಳ್ಳಬೇಕು. ಕೋಚಿಂಗ್ ಸೆಂಟರ್‌ಗಳ ಹಳೆಯ ಪಟ್ಟಿಯನ್ನು ನಂಬುವುದು ಬೇಡ.

ನೀವಿರುವ ಊರಿನಲ್ಲೇ ಏನಿದೆ?

ಚೆನ್ನೈನಲ್ಲಿರುವವರಿಗೆ ಮದ್ರಾಸ್ ವಿಶ್ವವಿದ್ಯಾಲಯವಿದೆ, ರಂಗನಾಥನ್ ಅವರ ಕಾಲದಿಂದಲೂ ಇಲ್ಲಿ ಈ ವಿಷಯದ ಬೋಧನೆಯಿದೆ. ದೆಹಲಿ ವಿಶ್ವವಿದ್ಯಾಲಯದಲ್ಲೂ ಅವರೇ ಪಾಠ ಮಾಡಿದ್ದರು, ಅಲ್ಲಿನ ವಿಭಾಗ ದೇಶದ ಹಳೆಯ ವಿಭಾಗಗಳಲ್ಲೊಂದು. ಮುಂಬೈನಲ್ಲಿ ಮುಂಬೈ ವಿಶ್ವವಿದ್ಯಾಲಯ ಹಾಗೂ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯ, ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ, ಹೈದರಾಬಾದ್‌ನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ. ಕೆಲಸ ಬಿಡಲಾಗದವರಿಗೆ ಇಗ್ನೋ ದೂರಶಿಕ್ಷಣದ ದಾರಿಯಿದೆ. ಊರಿಗೆ ಮರಳಿ ಓದುವ ಮನಸ್ಸಿದ್ದರೆ ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳನ್ನೂ ನೋಡಬಹುದು.

ಗಣಿತ, ಕಂಪ್ಯೂಟರ್ ಬಲವಿರುವವರ ದಾರಿ ಬೇರೆ. ಗೇಟ್ ಪರೀಕ್ಷೆಯಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಪತ್ರಿಕೆಯೇ ಬಂದಿದೆ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಡೇಟಾ ಸೈನ್ಸ್‌ನಲ್ಲಿ ಎಂ.ಎಸ್ಸಿ. ಕೊಡುತ್ತದೆ. ಐಐಎಂ ಕಲ್ಕತ್ತಾ, ಐಎಸ್‌ಐ, ಐಐಟಿ ಖರಗ್‌ಪುರ ಮೂರೂ ಸೇರಿ 2015ರಿಂದ ಬಿಸಿನೆಸ್ ಅನಲಿಟಿಕ್ಸ್ ಡಿಪ್ಲೊಮಾ ನಡೆಸುತ್ತಿವೆ.

ಪದವಿಯ ಹೆಸರು ನೋಡಿ ಸೇರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಶ್ವವಿದ್ಯಾಲಯ, ಕಾಲೇಜುಗಳ ಗ್ರಂಥಪಾಲಕ ಹುದ್ದೆಗೆ ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಗ್ರಂಥಾಲಯ ವಿಜ್ಞಾನ, ಮಾಹಿತಿ ವಿಜ್ಞಾನ ಅಥವಾ ಡಾಕ್ಯುಮೆಂಟೇಶನ್ ವಿಜ್ಞಾನದ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 55 ಅಂಕ ಬೇಕು. ಅದರ ಮೇಲೆ ನೆಟ್ ಅಥವಾ ತತ್ಸಮಾನ ಅರ್ಹತೆ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಆರಂಭಿಕ ಮೂಲವೇತನ 57,700 ರೂ. 'ಎಂ.ಎಸ್ಸಿ. ಡೇಟಾ ಸೈನ್ಸ್' ಅಥವಾ 'ಎಂಬಿಎ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್' ಹಿಡಿದು ಹೋದರೆ ಅರ್ಜಿ ಮೊದಲ ಹಂತದಲ್ಲೇ ಬದಿಗೆ ಸರಿಯುವ ಸಾಧ್ಯತೆಯೇ ಹೆಚ್ಚು. ಎರಡು ವರ್ಷ ಕಳೆದ ಮೇಲೆ ಇದು ಗೊತ್ತಾದರೆ ಸರಿಪಡಿಸಲು ಮತ್ತೆ ಎರಡು ವರ್ಷ ಬೇಕು.

ತಿರುಗುಮುರುಗಾಗಿಯೂ ತೊಂದರೆಯಿದೆ. ಪದವಿಯಲ್ಲಿ 'ಗ್ರಂಥಾಲಯ' ಎಂಬ ಪದ ಕಂಡ ಕೂಡಲೇ ಕಂಪನಿಗಳ ನೇಮಕಾತಿ ವಿಭಾಗ ರೆಸ್ಯೂಮೆ ಪಕ್ಕಕ್ಕಿಡಬಹುದು. ಇದಕ್ಕೆ ಮದ್ದು ಪ್ರಾಜೆಕ್ಟ್. ಎಸ್‌ಕ್ಯುಎಲ್ ಮತ್ತು ಪೈಥಾನ್ ಬಳಸಿ ಯಾವುದಾದರೂ ಅಸ್ತವ್ಯಸ್ತ ದತ್ತಾಂಶವನ್ನು ಶುಚಿ ಮಾಡಿ ತೋರಿಸಿದವರಿಗೆ ಡೇಟಾ ಸ್ಟೀವರ್ಡ್, ಟ್ಯಾಕ್ಸಾನಮಿ ಅನಲಿಸ್ಟ್, ಮೆಟಾಡೇಟಾ ಸ್ಪೆಷಲಿಸ್ಟ್‌ನಂಥ ಕೆಲಸಗಳು ಕೈಗೆಟುಕುತ್ತವೆ. ಈ ಹುದ್ದೆಗಳನ್ನು 'ಲೈಬ್ರರಿ' ಎಂದು ಹುಡುಕಿದರೆ ಸಿಗುವುದಿಲ್ಲ ಎಂಬುದು ನೆನಪಿರಲಿ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಲೋಪಕ್ಕೆ 250 ಕೋಟಿ ರೂ.ವರೆಗೆ ದಂಡ ಹಾಕಲು ಅವಕಾಶವಿದೆ. ಯಾರ ಯಾವ ಮಾಹಿತಿ ಎಲ್ಲಿದೆ, ಯಾಕಿದೆ, ಯಾವಾಗ ಅಳಿಸಬೇಕು ಎಂಬ ಲೆಕ್ಕ ಇಡಬಲ್ಲವರು ಹಾಗಾಗಿ ಕಂಪನಿಗಳಿಗೆ ಬೇಕು. ಆ ಲೆಕ್ಕವೇ ಮಾಹಿತಿ ನಿರ್ವಹಣೆ.

ಕನ್ನಡ ಬಲ್ಲವರಿಗೆ ಒಂದು ಹೆಚ್ಚಿನ ಅವಕಾಶ

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಅಕ್ಷರಗಳು ಯೂನಿಕೋಡ್‌ನಲ್ಲಿಲ್ಲದ ಕಾರಣ ಹುಡುಕಾಟಕ್ಕೂ ಸಿಗುವುದಿಲ್ಲ, ಭಾಷಾ ತಂತ್ರಜ್ಞಾನಕ್ಕೂ ಒದಗುವುದಿಲ್ಲ. ಪರಿವರ್ತಕ ತಂತ್ರಾಂಶಗಳಿದ್ದರೂ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುತ್ತದೆ; ತಿದ್ದಲು ಭಾಷೆ ಮತ್ತು ಡೇಟಾ ಎರಡೂ ಗೊತ್ತಿರುವವರು ಬೇಕು. ಎಂ.ಎಸ್. ಪ್ರಬಂಧಕ್ಕೆ ವಿಷಯ ಹುಡುಕುವ ಮುಂಬೈ, ಪುಣೆಯ ಕನ್ನಡ ವಿದ್ಯಾರ್ಥಿಗೆ, ಅಲ್ಲಿನ ಹಳೆಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳನ್ನು ಪಟ್ಟಿ ಮಾಡುವ ಕೆಲಸವೇ ಸಾಕಷ್ಟಿದೆ.

ವಿದೇಶದ ವಿಷಯಕ್ಕೆ ಬಂದರೆ, ಅಮೆರಿಕದ ವಾಷಿಂಗ್ಟನ್ ಮತ್ತು ಇಲಿನಾಯ್ ವಿಶ್ವವಿದ್ಯಾಲಯಗಳ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳು ಹೆಸರುವಾಸಿ. ಸ್ಟೆಮ್ ಪಟ್ಟಿಯಲ್ಲಿರುವ ಕೋರ್ಸ್ ಆದರೆ ಓದಿದ ಮೇಲೆ 12 ತಿಂಗಳ ಕೆಲಸದ ಅನುಮತಿಗೆ ಇನ್ನೂ 24 ತಿಂಗಳು ಸೇರಿಸಿಕೊಳ್ಳಬಹುದು. ಸಾಲ ಮಾಡುವ ಮುನ್ನ ಕೋರ್ಸ್ ಆ ಪಟ್ಟಿಯಲ್ಲಿದೆಯೇ ಎಂದು ವಿಶ್ವವಿದ್ಯಾಲಯದಿಂದಲೇ ಲಿಖಿತವಾಗಿ ಕೇಳಿ ಪಡೆಯಿರಿ.

ಇಲ್ಲಿಯೇ ಓದುವವರು ಕ್ಯಾಲೆಂಡರ್ ಗಮನಿಸಲಿ: ಗೇಟ್ ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಬೇಕಾದ ಸಿಯುಇಟಿ ಪಿಜಿ ಮಾರ್ಚ್ ಹೊತ್ತಿಗೆ, ಐಎಸ್‌ಐ ಪರೀಕ್ಷೆ ಮೇ ತಿಂಗಳಲ್ಲಿ. ಅರ್ಜಿಗಳು ಇವಕ್ಕೂ ಕೆಲವು ತಿಂಗಳು ಮೊದಲೇ ಮುಗಿದಿರುತ್ತವೆ.