ಇದೆಯೇ, ಇಲ್ಲವೇ: ಲಿಸ್ಪ್‌ನಿಂದ ಕ್ಲೋಜರ್‌ವರೆಗೆ ಒಂದು ಪ್ರಶ್ನೆಯ ಇತಿಹಾಸ

ಸಂಗ್ರಹವೊಂದರಲ್ಲಿ ಬೇಕಾದ ಅಂಶ ಇದೆಯೇ ಎಂದು ಪರೀಕ್ಷಿಸುವ ಕೆಲಸ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಗಳಷ್ಟೇ ಹಳೆಯದು. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಭಾಷೆಯನ್ನು ಕಟ್ಟತೊಡಗಿದರು. 1962ರ ಲಿಸ್ಪ್ 1.5 ಕೈಪಿಡಿಯಲ್ಲಿ ‘ಮೆಂಬರ್’ ಫಂಕ್ಷನ್ನಿನ ವ್ಯಾಖ್ಯೆ ಮೂರೇ ಮಾತಿನಲ್ಲಿ ಮುಗಿಯುತ್ತದೆ: ಪಟ್ಟಿ ಖಾಲಿಯಿದ್ದರೆ ‘ಇಲ್ಲ’, ಮೊದಲ ಅಂಶವೇ ಹುಡುಕುತ್ತಿರುವುದಾದರೆ ‘ಇದೆ’, ಎರಡೂ ಅಲ್ಲವಾದರೆ ಮಿಕ್ಕ ಪಟ್ಟಿಗೆ ಮತ್ತೆ ಅದೇ ಪ್ರಶ್ನೆ. ತನ್ನನ್ನೇ ಮರಳಿ ಕರೆಯುವ ರಿಕರ್ಶನ್ನಿಗೆ ಇದಕ್ಕಿಂತ ತಿಳಿಯಾದ ಉದಾಹರಣೆ ಸಿಗುವುದು ಕಷ್ಟ.

ಮುಂದಿನ ಲಿಸ್ಪ್‌ಗಳಲ್ಲಿ ಉತ್ತರದ ರೂಪ ಬದಲಾಯಿತು. ‘ಮಾವು, ಹಲಸು, ಬಾಳೆ’ ಪಟ್ಟಿಯಲ್ಲಿ ಹಲಸನ್ನು ಹುಡುಕಿದರೆ, ಅಲ್ಲಿಂದ ಕೊನೆಯವರೆಗಿನ ‘ಹಲಸು, ಬಾಳೆ’ ಎಂಬ ತುಂಡೇ ಕೈಗೆ ಬರುತ್ತದೆ. ಕಾಮನ್ ಲಿಸ್ಪ್‌ನಲ್ಲಿ ‘ನಿಲ್’ ಒಂದೇ ಸುಳ್ಳು, ಉಳಿದುದೆಲ್ಲ ನಿಜ. ಸಿಕ್ಕ ಅಂಶವನ್ನಷ್ಟೇ ಕೊಟ್ಟಿದ್ದರೆ, ಪಟ್ಟಿಯಲ್ಲಿರುವ ‘ನಿಲ್’ ಅನ್ನು ಹುಡುಕಿದವರಿಗೆ ಅದು ಸಿಕ್ಕರೂ ಸಿಗದಂತೆ ತೋರುತ್ತಿತ್ತು.

ಎರಡು ಅಂಶಗಳು ‘ಒಂದೇ’ ಎನ್ನುವುದು ಯಾವಾಗ? ಮೆಮೊರಿಯಲ್ಲಿ ಒಂದೇ ಜಾಗದಲ್ಲಿರುವಾಗಲೇ, ಒಳಗಿನ ಮೌಲ್ಯ ಸಮವಾದಾಗಲೇ? 1975ರಲ್ಲಿ ಹುಟ್ಟಿದ ಸ್ಕೀಮ್ ಈ ಭೇದವನ್ನು ಹೆಸರಿನಲ್ಲೇ ಇಟ್ಟುಕೊಂಡಿದೆ: ಅಲ್ಲಿ ‘ಮೆಮ್‌ಕ್ಯೂ’, ‘ಮೆಮ್‌ವಿ’, ‘ಮೆಂಬರ್’ ಎಂಬ ಮೂರು ಫಂಕ್ಷನ್‌ಗಳಿವೆ. ಹ್ಯಾಸ್ಕೆಲ್ ಬೇರೆ ದಾರಿ ಹಿಡಿಯಿತು. ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ಮಂಡಿಸಿದ ಟೈಪ್ ಕ್ಲಾಸ್ ಆಧಾರದ ಮೇಲೆ, ಅಲ್ಲಿನ ‘ಎಲೆಮ್’ ಸಮಾನತೆಯ ನಿಯಮವಿರುವ ಟೈಪ್‌ಗಳಿಗೆ ಮಾತ್ರ ಒಪ್ಪುತ್ತದೆ. ಎರಡು ಫಂಕ್ಷನ್‌ಗಳು ಸಮವೇ ಎಂದು ಎಲ್ಲ ಸಂದರ್ಭದಲ್ಲೂ ತೀರ್ಮಾನಿಸುವ ವಿಧಾನವೇ ಇಲ್ಲ. ಹಾಗಾಗಿ ಫಂಕ್ಷನ್‌ಗಳ ಪಟ್ಟಿಯಲ್ಲಿ ಹುಡುಕಹೊರಟರೆ ಕಂಪೈಲರ್ ಸಾಮಾನ್ಯವಾಗಿ ಮೊದಲೇ ತಡೆಯುತ್ತದೆ.

ವೇಗದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸಂಗ್ರಹದ ರಚನೆಯಲ್ಲಿ. 10 ಲಕ್ಷ ಅಂಶಗಳ ಪಟ್ಟಿಯಲ್ಲಿ ಇಲ್ಲದ್ದನ್ನು ಹುಡುಕಿದರೆ 10 ಲಕ್ಷ ಹೋಲಿಕೆಗಳೂ ಆಗಲೇಬೇಕು. ಚೆನ್ನಾಗಿ ಸಮತೋಲದಲ್ಲಿರುವ ಬೈನರಿ ಮರದಲ್ಲಿ ಸುಮಾರು 20 ಸಾಕು. ಆದರೆ ಶುದ್ಧ ಫಂಕ್ಷನಲ್ ಶೈಲಿಯಲ್ಲಿ ಕಟ್ಟಿದ ಮರವನ್ನು ತಿದ್ದುವಂತಿಲ್ಲ. ಹೊಸ ಅಂಶ ಸೇರಿಸುವಾಗ ಬೇರಿನಿಂದ ಅದರ ಸ್ಥಾನದವರೆಗಿನ ದಾರಿಯನ್ನಷ್ಟೇ ನಕಲಿಸಿ, ಉಳಿದ ಕೊಂಬೆಗಳನ್ನು ಹಳೆಯ ಮರದೊಂದಿಗೆ ಹಂಚಿಕೊಳ್ಳಲಾಗುತ್ತದೆ. ಕ್ರಿಸ್ ಒಕಾಸಾಕಿ 1998ರ ತಮ್ಮ ಗ್ರಂಥದಲ್ಲಿ ಇಂಥ ರಚನೆಗಳನ್ನು ಒಂದೆಡೆ ತಂದರು.

ರಿಚ್ ಹಿಕ್ಕಿ 2007ರಲ್ಲಿ ಬಿಡುಗಡೆ ಮಾಡಿದ ಕ್ಲೋಜರ್, ಫಿಲ್ ಬ್ಯಾಗ್‌ವೆಲ್ ರೂಪಿಸಿದ ಹ್ಯಾಶ್ ಮರವನ್ನು ಬದಲಾಗದ ಸಂಗ್ರಹಗಳಿಗೆ ಹೊಂದಿಸಿಕೊಂಡಿತು. ಪ್ರತಿ ಕವಲಿನಲ್ಲೂ 32 ಕೊಂಬೆಗಳಿಗೆ ಎಡೆಯಿರುವುದರಿಂದ, ನಾಲ್ಕು ಹಂತಗಳಲ್ಲೇ 10 ಲಕ್ಷಕ್ಕೂ ಮಿಕ್ಕಿ ಸ್ಥಾನಗಳು ದೊರೆಯುತ್ತವೆ. ಅಲ್ಲಿನ ‘ಕಂಟೇನ್ಸ್’ ಪರೀಕ್ಷಿಸುವುದು ಕೀಲಿಯನ್ನು, ಮೌಲ್ಯವನ್ನಲ್ಲ. 10, 20, 30 ಇರುವ ವೆಕ್ಟರ್‌ನಲ್ಲಿ 10 ಇದೆಯೇ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತದೆ. 1 ಇದೆಯೇ ಎಂದರೆ ‘ಇದೆ’ ಎನ್ನುತ್ತದೆ, ಏಕೆಂದರೆ 0, 1, 2 ಎಂಬ ಸ್ಥಾನಸಂಖ್ಯೆಗಳೇ ವೆಕ್ಟರ್‌ನ ಕೀಲಿಗಳು. ಸೆಟ್‌ನಲ್ಲಿ ಅಂಶವೇ ಕೀಲಿಯಾದ್ದರಿಂದ ಅಲ್ಲಿ ಈ ಗೊಂದಲವಿಲ್ಲ. ವೆಕ್ಟರ್‌ನಲ್ಲಿ ಮೌಲ್ಯವನ್ನು ಹುಡುಕಲು ‘ಸಮ್’ ಫಂಕ್ಷನ್ ಬಳಸುತ್ತಾರೆ. ಅದು ಲಿಸ್ಪ್‌ನ ಹಳೆಯ ‘ಮೆಂಬರ್’ನಂತೆಯೇ ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋಗುತ್ತದೆ.