ಗೇರುಸೊಪ್ಪ: ನದಿಯ ಬೆಳಕು, ಸೂರ್ಯನ ಬೆಳಕು

ಹೊನ್ನಾವರದಿಂದ ಶರಾವತಿಯ ಗುಂಟ ಘಟ್ಟದ ಕಡೆಗೆ ಹೊರಟರೆ ಗೇರುಸೊಪ್ಪ ಸಿಗುತ್ತದೆ. 16ನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿಯ ಕಾಲಕ್ಕೆ ಈ ಸೀಮೆಯ ಕಾಳುಮೆಣಸು ಕಡಲಾಚೆಗೆ ಹೋಗುತ್ತಿತ್ತು. ಈಗ ಇಲ್ಲಿಂದ ದೂರದೂರಿಗೆ ಹೋಗುವುದು ವಿದ್ಯುತ್ತು.

ಜೋಗದ ಬಳಿ 1948ರಲ್ಲಿ ಶರಾವತಿಯಿಂದ ವಿದ್ಯುತ್ ಉತ್ಪಾದನೆ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರನ್ನು ಬಳಸುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅಲ್ಲಿಂದ ಹೊರಬಿದ್ದ ನೀರನ್ನು ಗೇರುಸೊಪ್ಪದಲ್ಲಿ ಮತ್ತೆ ತಡೆದು, ತಲಾ 60 ಮೆಗಾವಾಟ್‌ನ ನಾಲ್ಕು ಘಟಕಗಳನ್ನು ಈ ಶತಮಾನದ ಆರಂಭದಲ್ಲಿ ನಡೆಸತೊಡಗಿದರು. ಒಂದೇ ನೀರಿಗೆ ಎರಡು ಬಾರಿ ದುಡಿಮೆ! ಇದಕ್ಕಾಗಿ ಮೇಲಿನ ಕಣಿವೆಯ ಅನೇಕ ಹಳ್ಳಿಗಳು ಮುಳುಗಿದವು, ಸಾವಿರಾರು ಜನ ನೆಲೆ ಕಳೆದುಕೊಂಡರು ಎಂಬುದನ್ನು ನಾವು ಮರೆಯಬಾರದು.

ಇಷ್ಟು ವಿದ್ಯುತ್ತು ಹುಟ್ಟುವ ಉತ್ತರ ಕನ್ನಡದಲ್ಲಿ ಚಿಮಣಿ ದೀಪ ಬೇಗ ಆರಲಿಲ್ಲ. ಏಕೆ? ಇಲ್ಲಿ ಮನೆಗಳು ತೋಟಕ್ಕೊಂದರಂತೆ ಚದುರಿವೆ. ಒಂದು ಮನೆಗಾಗಿ ಕಾಡಿನ ನಡುವೆ ಕಂಬ ನೆಟ್ಟು ತಂತಿ ಎಳೆಯುವ ಖರ್ಚು ಬಹಳ. ಮಳೆಗಾಲದಲ್ಲಿ ಮರ ಬಿದ್ದರೆ ಆ ತಂತಿಯೂ ಹರಿಯುತ್ತದೆ.

ಸೂರ್ಯನ ಬೆಳಕಿಗೆ ತಂತಿ ಬೇಡ. ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ 1954ರಲ್ಲೇ ತೋರಿಸಿತ್ತು. ಆದರೆ ಅದರ ಬೆಲೆ ಬಡವರ ಕೈಗೆ ಎಟುಕುವಂತಿರಲಿಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಬೆಂಗಳೂರಿನಲ್ಲಿ ಸೆಲ್ಕೊ ಸಂಸ್ಥೆ ಆರಂಭಿಸಿದಾಗ ಹಿಡಿದ ದಾರಿ ಇದು: ಮನೆಯ ಅಗತ್ಯಕ್ಕೆ ತಕ್ಕ ದೀಪ, ಬ್ಯಾಂಕಿನಿಂದ ಸಾಲ, ಕೆಟ್ಟರೆ ಹತ್ತಿರದಲ್ಲೇ ದುರಸ್ತಿ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನೀವೇ ಲೆಕ್ಕ ಹಾಕಿ. 40 ವಾಟ್‌ನ ಫಲಕಕ್ಕೆ ದಿನಕ್ಕೆ ನಾಲ್ಕು ಗಂಟೆ ಪೂರ್ಣ ಬಿಸಿಲು ಸಿಕ್ಕರೆ 160 ವಾಟ್-ಗಂಟೆ ಶಕ್ತಿ ದೊರೆಯುತ್ತದೆ. 7 ವಾಟ್‌ನ ನಾಲ್ಕು ದೀಪಗಳು ನಾಲ್ಕು ಗಂಟೆ ಉರಿಯಲು ಬೇಕಾದುದು 112 ವಾಟ್-ಗಂಟೆ. ಬ್ಯಾಟರಿಯಲ್ಲಿ ಆಗುವ ನಷ್ಟ ಕಳೆದರೂ ಮಕ್ಕಳ ಓದಿಗೆ ಸಾಕು.

ಪೂರ್ವ ಆಫ್ರಿಕದ ಕೀನ್ಯ ದೇಶಕ್ಕೂ ಇದೇ ಸಮಸ್ಯೆ ಎದುರಾಗಿತ್ತು. ಅಲ್ಲಿ ಬ್ಯಾಂಕಿನ ಬದಲು ಮೊಬೈಲ್ ನೆರವಿಗೆ ಬಂತು. 2007ರಲ್ಲಿ ಎಂ-ಪೆಸ ಎಂಬ ಹಣ ರವಾನೆ ಸೇವೆ ಬಂದ ಬಳಿಕ, ಎಂ-ಕೋಪದಂಥ ಕಂಪನಿಗಳು ಸೌರದೀಪ ಕೊಟ್ಟು ಅದರ ಬೆಲೆಯನ್ನು ದಿನದ ಪುಟ್ಟ ಕಂತುಗಳಲ್ಲಿ ಪಡೆದವು. ಎರಡೂ ಕಡೆ ತಂತ್ರಜ್ಞಾನದಷ್ಟೇ ಮುಖ್ಯವಾದದ್ದು ಹಣ ತೀರಿಸುವ ಬಗೆ.

ಮುಂದೆ ಸೌರವಿದ್ಯುತ್ತು ಮನೆಯ ಮಾಡಿನಿಂದ ಬಯಲಿಗಿಳಿಯಿತು. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ 2019ರಲ್ಲಿ ಪೂರ್ಣಗೊಂಡಿತು. ಆದರೆ ಸೂರ್ಯ ಮುಳುಗುವ ಹೊತ್ತಿಗೇ ಊರಿನಲ್ಲಿ ದೀಪಗಳು ಹೊತ್ತುತ್ತವೆ. ಹಗಲಿನ ವಿದ್ಯುತ್ತನ್ನು ಎಲ್ಲಿ ಕೂಡಿಡುವುದು?

ಈ ಪ್ರಶ್ನೆಯೇ ಗೇರುಸೊಪ್ಪವನ್ನು ಮತ್ತೆ ಚರ್ಚೆಗೆ ತಂದಿತು. ವಿದ್ಯುತ್ ಹೆಚ್ಚಿದ್ದಾಗ ಗೇರುಸೊಪ್ಪದ ನೀರನ್ನು ತಳಕಳಲೆ ಜಲಾಶಯಕ್ಕೆ ಮೇಲೆತ್ತಿ, ಬೇಕಾದಾಗ ಕೆಳಗಿಳಿಸುವ 2,000 ಮೆಗಾವಾಟ್‌ನ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟಿತು. ಎತ್ತರದ ಅಂತರ 450 ಮೀಟರ್ ಎಂದಿಟ್ಟುಕೊಂಡರೆ, ಒಂದು ಘನ ಮೀಟರ್ ನೀರು ಹಿಡಿದಿಡುವ ಶಕ್ತಿ ಸುಮಾರು 1.2 ಯೂನಿಟ್. ಇಂಥ ಏರ್ಪಾಡಿನಲ್ಲಿ 100 ಯೂನಿಟ್ ಹಾಕಿದರೆ ಮರಳಿ ಸಿಗುವುದು ಸಾಮಾನ್ಯವಾಗಿ 75ರಿಂದ 80.

ಆದರೆ ಈ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಕಡಿದಾದ ಘಟ್ಟದಲ್ಲಿ ಸುರಂಗ, ರಸ್ತೆ ಎಂದರೆ ಮರಗಳ ನಾಶ. ಕೊಂಬೆಯಿಂದ ಕೊಂಬೆಗೆ ಸಾಗುವ ಈ ಪ್ರಾಣಿಗೆ ಕಾಡಿನ ಮೇಲ್ಚಾವಣಿ ತುಂಡಾದರೆ ದಾರಿಯೇ ಇಲ್ಲ. ಬ್ಯಾಟರಿಗಳಿಗೂ ಗಣಿಗಾರಿಕೆ, ತ್ಯಾಜ್ಯಗಳ ಹೊರೆ ಇದೆ ಎನ್ನುವುದೂ ನಿಜ.

ಬೆಳಕು ಯಾರಿಗೆ ಸಿಕ್ಕಿತು, ಅದರ ಬೆಲೆ ಯಾರು ತೆತ್ತರು? ನದಿಯ ಕಾಲದಲ್ಲಿ ತಡವಾಗಿ ಕೇಳಿದ ಈ ಪ್ರಶ್ನೆಯನ್ನು ಸೂರ್ಯನ ಕಾಲದಲ್ಲಿ ಮೊದಲೇ ಕೇಳುವುದು ಒಳ್ಳೆಯದು. ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ.