ತಟ್ಟೆಯ ಎರಡನೆಯ ಮಗ್ಗುಲು

ಬಾಲ್ಯದಲ್ಲಿ ಮೆಚ್ಚಿ ಕೇಳಿದ ಪಾಪ್ ಗೀತೆಗಳಲ್ಲಿ ನೆನಪಿಗೆ ನಿಲ್ಲುವುದು ಗಾಯಕರ ದನಿ. ಧಾಟಿ ಕಟ್ಟಿದವರ ಹೆಸರು ಬಹುಮಟ್ಟಿಗೆ ತಟ್ಟೆಯ ನಡುವಣ ಚೀಟಿಯಲ್ಲಿಯೇ ಉಳಿದುಬಿಡುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ, ‘ಬಿದ್ದು’ ಎಂಬ ಒಂದೇ ಹೆಸರಿನಿಂದ ಪರಿಚಿತರಾದ ಬಿದ್ದು ಅಪ್ಪಯ್ಯನವರ ಸಂಗತಿ ಇಂಥದು.

ಇಲ್ಲಿ ‘ಟ್ರೋಜನ್ಸ್’ ತಂಡದಲ್ಲಿ ಹಾಡುತ್ತಿದ್ದ ಅವರು 1960ರ ದಶಕದಲ್ಲಿ ಇಂಗ್ಲೆಂಡಿಗೆ ತೆರಳಿ ಧ್ವನಿಮುದ್ರಿಕೆಗಳ ನಿರ್ಮಾಪಕರಾದರು. ಆಗಿನ 45 ಸುತ್ತಿನ ಪುಟ್ಟ ತಟ್ಟೆಯಲ್ಲಿ ಮಾರಾಟದ ಭರವಸೆಯ ಹಾಡಿಗೆ ಮೊದಲ ಮಗ್ಗುಲು, ಭರ್ತಿಯ ಹಾಡಿಗೆ ಎರಡನೆಯದು. ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಎರಡನೆಯ ಮಗ್ಗುಲಿಗೆಂದು, ಧ್ವನಿಮುದ್ರಣದ ಕೊನೆಯ ಸುಮಾರು 10 ನಿಮಿಷಗಳಲ್ಲಿ ಅವಸರವಾಗಿ ಮುಗಿಸಿದ್ದು. ಕಂಪನಿ ಅದನ್ನೇ ಮುಂದಕ್ಕೆ ತಂದಿತು. 1974ರಲ್ಲಿ ಅದು ಬ್ರಿಟನ್, ಅಮೆರಿಕಗಳೆರಡರಲ್ಲಿಯೂ ಪ್ರಥಮ ಸ್ಥಾನಕ್ಕೇರಿತು.

‘ಕುರ್ಬಾನಿ’ (1980) ಚಿತ್ರದ ಸಂಗೀತ ಕಲ್ಯಾಣ್‌ಜಿ–ಆನಂದ್‌ಜಿ ಅವರದಾದರೂ ‘ಆಪ್ ಜೈಸಾ ಕೋಯಿ’ ಅಪ್ಪಯ್ಯನವರ ಸಂಯೋಜನೆ. ಹಾಡಿದ ಕರಾಚಿಯ ನಾಜಿಯಾ ಹಸನ್‌ಗೆ ಆಗ 15ರ ಆಸುಪಾಸು. ಮರುವರ್ಷದ ‘ಡಿಸ್ಕೊ ದೀವಾನೆ’ ಚಲನಚಿತ್ರದ ಹಂಗಿಲ್ಲದೆಯೇ ಗಡಿಯ ಎರಡೂ ಕಡೆ ಮನೆಮನೆಯನ್ನು ಸೇರಿತು.

ಇವು ಕನ್ನಡ ಗೀತೆಗಳಲ್ಲ, ನಿಜ. ಆದರೆ ಇವನ್ನು ಕಟ್ಟಿದ ಕಿವಿ ಪಳಗಿದ್ದು ಬೆಂಗಳೂರಿನಲ್ಲಿ. ನಮ್ಮ ಸಂಗೀತಚರಿತ್ರೆ ಭಾಷೆಯೊಂದನ್ನೇ ಗಡಿಯಾಗಿಸಿಕೊಂಡರೆ ನಗರದ ಈ ಪಾಲು ಯಾರ ಲೆಕ್ಕಕ್ಕೂ ಸೇರದೆ ಹೋದೀತು. 1995ರಲ್ಲಿ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಕೇಳಿ ಬೆಳೆದ ಮಕ್ಕಳಿಗೂ ಗಾಯಕಿ ಪರಿಚಿತರು. ಸಂಯೋಜಕರು ಅದೇ ಅಪ್ಪಯ್ಯನವರು.